ಬಲಗಡೆಯ ನೋವು

ಕಳೆದ ವಾರ ಆಫೀಸಿನಲ್ಲಿ ಊಟದ ಹೊತ್ತಿಗೆ ಒಬ್ಬ ಹುಡುಗಿ ನನ್ನ ಪಕ್ಕ ಬಂದು ಕೂತಳು. ಡಬ್ಬಿ ತೆರೆಯಲಿಲ್ಲ. ಅತ್ತಿತ್ತ ನೋಡಿ, "ಅಕ್ಕ, ಒಂದು ಕೇಳ್ಲಾ? ಆ ಆಪರೇಷನ್ ಆದ್ಮೇಲೆ ತುಂಬಾ ನೋವಿರುತ್ತಾ?" ಎಂದಳು. ನಾನು ಸ್ತನಕ್ಕೆ ಇಂಪ್ಲಾಂಟ್, ಅಂದರೆ ಒಳಗೆ ಕೂರಿಸುವ ಸಿಲಿಕೋನ್ ಚೀಲ, ಹಾಕಿಸಿಕೊಂಡಿರುವುದು ಆಫೀಸಿನಲ್ಲಿ ಇಬ್ಬರಿಗೆ ಮಾತ್ರ ಗೊತ್ತು. ಅವರಲ್ಲೊಬ್ಬಳು ಇವಳಿಗೆ ಹೇಳಿರಬೇಕು. ನನಗೆ ಬೇಜಾರಾಗಲಿಲ್ಲ. ಕೇಳೋಕೆ ಯಾರೂ ಇಲ್ಲದೆ ನಾನು ಪಟ್ಟ ಪಾಡು ಇನ್ನೂ ನೆನಪಿದೆ. ಅರ್ಧ ಗಂಟೆ ಕೂತು ಎಲ್ಲ ಹೇಳಿದೆ. ಮೊದಲ ವಾರ ಹೇಗಿರುತ್ತೆ, ಹೇಗೆ ಮಲಗಬೇಕು, ಯಾವ ಮಾತ್ರೆ ತಗೊಂಡ್ರೆ ಹೊಟ್ಟೆ ಕಟ್ಟುತ್ತೆ, ಎಷ್ಟು ದಿನಕ್ಕೆ ಗಾಡಿ ಓಡಿಸಬಹುದು. ಅವಳು ಫೋನಿನಲ್ಲಿ ಬರೆದುಕೊಂಡಳು.

ಸಂಜೆ ಮೆಟ್ರೋದಲ್ಲಿ ನಿಂತಿದ್ದಾಗ ಒಂದು ವಿಷಯ ಹೊಳೆಯಿತು. ನಾನು ಹೇಳಿದ್ದೆಲ್ಲ ಎಡಗಡೆಯ ಕತೆ. ಎಡಗಡೆ ಹೊಲಿಗೆ ಹೀಗಿತ್ತು, ಎಡಗಡೆ ಹೀಗೆ ಎಳೀತಿತ್ತು, ಎಡಗಡೆ ಇಷ್ಟು ದಿನಕ್ಕೆ ಮೆತ್ತಗಾಯಿತು. ಬಲಗಡೆಯ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಆದರೆ ನನ್ನನ್ನು ಎರಡನೇ ಸಲ ಆಪರೇಷನ್ ಥಿಯೇಟರಿಗೆ ಕರೆದುಕೊಂಡು ಹೋಗಿದ್ದು ಬಲಗಡೆಯದು. ಈ ಹನ್ನೊಂದು ತಿಂಗಳಲ್ಲಿ ಯಾರು ಕೇಳಿದರೂ ನಾನು ಹೀಗೇ ಹೇಳಿದ್ದೇನೆ. ಗಂಡನ ಹತ್ತಿರ ಕೂಡ. ಅವತ್ತಿನಿಂದ ಇದೇ ತಲೆಯಲ್ಲಿ ಕೊರೆಯುತ್ತಿದೆ, ಅದಕ್ಕೇ ಬರೆಯಲು ಕೂತೆ.

ಅಳತೆ ಪುಸ್ತಕದಲ್ಲಿ ಎರಡು ಅಂಕಿ

ನನಗೆ ಹದಿನಾರು ವರ್ಷ. ತಿಪಟೂರಿನಲ್ಲಿ ಚಿಕ್ಕಪ್ಪನ ಮಗಳ ಮದುವೆ. ಮೊದಲ ಸಲ ಸೀರೆ ಉಡಬೇಕಿತ್ತು. ಅಮ್ಮ ಬ್ಲೌಸ್ ಹೊಲಿಸಲು ಪೇಟೆ ಹಿಂದಿನ ಬೀದಿಯ ಟೈಲರ್ ಅಕ್ಕನ ಹತ್ತಿರ ಕಳಿಸಿದಳು. ಅವರ ಮನೆಯ ಮುಂದಿನ ರೂಮೇ ಅಂಗಡಿ. ಬಾಗಿಲಿಗೆ ಹೂವಿನ ಪರದೆ, ಗೋಡೆಗೆ ಉದ್ದನೆಯ ಕನ್ನಡಿ. ಅಕ್ಕ ಟೇಪನ್ನು ಕುತ್ತಿಗೆಯಿಂದ ತೆಗೆದು ನನ್ನ ಎದೆ ಸುತ್ತ ಹಾಕಿದರು. ಆಮೇಲೆ ಭುಜದಿಂದ ಕೆಳಕ್ಕೆ ಬಲಗಡೆ ಅಳೆದರು. ಎಡಗಡೆ ಅಳೆಯುವಾಗ ಅವರ ಕೈ ಅರೆಗಳಿಗೆ ನಿಂತಿತು. ಕನ್ನಡಿಯಲ್ಲಿ ನಮ್ಮಿಬ್ಬರ ಕಣ್ಣು ಕೂಡಿತು. ನನ್ನ ಎಡಗಡೆ ಬೆಳೆದೇ ಇರಲಿಲ್ಲ. ಬಲಗಡೆ ಎಲ್ಲ ಹುಡುಗಿಯರ ಹಾಗೆ ಇತ್ತು. ದಾವಣಿ ಸೆರಗಿನ ಒಳಗೆ ಅದು ಯಾರಿಗೂ ಗೊತ್ತಾಗಲ್ಲ ಅಂದುಕೊಂಡಿದ್ದೆ. ಅಕ್ಕ ಏನೂ ಅನ್ನಲಿಲ್ಲ. ಪುಸ್ತಕದಲ್ಲಿ ಒಂದು ಅಂಕಿ ಬರೆಯುವ ಕಡೆ ಎರಡು ಅಂಕಿ ಬರೆದರು.

ನಾಲ್ಕು ದಿನ ಬಿಟ್ಟು ಬ್ಲೌಸ್ ತರಲು ಹೋದೆ. ಎಡಗಡೆ ಒಳಗೆ ಹತ್ತಿ ಇಟ್ಟು, ಮೇಲೆ ತೆಳು ಬಿಳಿ ಬಟ್ಟೆ ಹಾಕಿ, ಸಣ್ಣ ಸಣ್ಣ ಕೈಹೊಲಿಗೆಯಲ್ಲಿ ಸುತ್ತಲೂ ಹೊಲಿದಿದ್ದರು. ಹೊರಗಿನಿಂದ ನೋಡಿದರೆ ಒಂದು ದಾರವೂ ಕಾಣುತ್ತಿರಲಿಲ್ಲ. "ಒಗೆಯೋವಾಗ ಹಿಂಡಬೇಡ. ಹಂಗೇ ನೆರಳಲ್ಲಿ ಒಣಗಾಕು" ಎಂದರು. ಅಷ್ಟೇ. ಅದಾದ ಮೇಲೆ ಹದಿನೆಂಟು ವರ್ಷ ನನ್ನ ಪ್ರತಿ ಬ್ಲೌಸೂ ಅವರ ಕೈಯಲ್ಲೇ ಆಯಿತು. ಬೆಂಗಳೂರಿಗೆ ಬಂದ ಮೇಲೂ ಬಟ್ಟೆ ಊರಿಗೇ ಕಳಿಸುತ್ತಿದ್ದೆ. ಅಳತೆ ಬ್ಲೌಸ್ ಇನ್ನೊಬ್ಬ ಟೈಲರ್ ಕೈಗೆ ಕೊಡುವ ಧೈರ್ಯ ಬರಲೇ ಇಲ್ಲ.

ಮಗಳು ಹುಟ್ಟಿದಾಗ ಎಡಗಡೆ ಹಾಲು ಬಂದಿದ್ದು ತೀರಾ ಕಮ್ಮಿ. ಬಲಗಡೆಯದೇ ಅವಳನ್ನು ಸಾಕಿತು. ಈ ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಇದು ಬೇಕಾಗುತ್ತೆ.

ಬೇಕಿದ್ದಿದ್ದು, ಬೇಕು ಅನ್ನಿಸಿದ್ದು

ಮೂವತ್ತನಾಲ್ಕಕ್ಕೆ ದುಡ್ಡು ಕೂಡಿಸಿಕೊಂಡು ಡಾಕ್ಟರ್ ಹತ್ತಿರ ಹೋದೆ. ಅವರು ಅಳೆದು, ಫೋಟೋ ತೆಗೆದು, ಸಮಾಧಾನವಾಗಿ ಹೇಳಿದರು. ಎಡಗಡೆಗೆ 275 ಸಿಸಿ, ಅಂದರೆ 275 ಮಿಲಿಲೀಟರ್ ಗಾತ್ರದ್ದು. ಒಂದೇ ಕಡೆ ಇಂಪ್ಲಾಂಟ್ ಹಾಕಿದರೆ ಅದು ದುಂಡಗೆ ಮೇಲೆ ನಿಲ್ಲುತ್ತೆ, ಇನ್ನೊಂದು ಕಡೆಯದು ಮಗುವಿಗೆ ಹಾಲೂಡಿಸಿ ಜೋತಿದೆ. ಗಾತ್ರ ಸರಿಹೋದರೂ ಆಕಾರ ಹೊಂದುವುದಿಲ್ಲ. ಬಲಗಡೆಗೂ ಚಿಕ್ಕದೊಂದು, 150 ಸಿಸಿ, ಹಾಕಿದರೆ ಎರಡೂ ಒಂದೇ ತರ ಕಾಣುತ್ತೆ. "ಹಾಕಲೇಬೇಕು ಅಂತೇನಿಲ್ಲ. ನಿಮ್ಮಿಷ್ಟ" ಎಂದರು.

ನಾನು ಹೂಂ ಅಂದೆ. ಹೊಂದಲಿ ಅಂತ ಮಾತ್ರ ಅಲ್ಲ. ನನಗೆ ಆಸೆ ಇತ್ತು. ಕನ್ನಡಿ ಮುಂದೆ ನಿಂತಾಗ ನನ್ನ ಮೈ ನನಗೆ ಚೆಂದ ಕಾಣಬೇಕು ಅನ್ನುವ ಆಸೆ. ಅದನ್ನು ಯಾರಿಗೂ ಹೇಳಲಿಲ್ಲ. ಅಮ್ಮನಿಗೆ ಫೋನ್ ಮಾಡಿ "ಎಡಗಡೇದು ಸರಿ ಮಾಡಿಸ್ಕೋತೀನಿ" ಎಂದೆ. ಅಮ್ಮ ತುಂಬಾ ಹೊತ್ತು ಸುಮ್ಮನಿದ್ದು, "ಆಯ್ತು ಕಣೆ, ಬರ್ತೀನಿ" ಎಂದಳು. ಬಲಗಡೆಯ ಸುದ್ದಿ ಎತ್ತಲಿಲ್ಲ.

ಈ ಬೇಕಿದ್ದಿದ್ದು ಮತ್ತು ಬೇಕು ಅನ್ನಿಸಿದ್ದು ಅನ್ನುವ ಗೆರೆಯನ್ನು ನಾನೊಬ್ಬಳೇ ಎಳೆದಿದ್ದಲ್ಲ. ಜಿಎಸ್‌ಟಿ ಕಾನೂನೇ ಎಳೆದಿದೆ. ಹುಟ್ಟಿನಿಂದ ಬಂದ ಊನ, ಬೆಳವಣಿಗೆಯ ಊನ, ಪೆಟ್ಟು, ಇವುಗಳಿಂದ ಕೆಟ್ಟದ್ದನ್ನು ಸರಿಮಾಡುವ ಪ್ಲಾಸ್ಟಿಕ್ ಸರ್ಜರಿಗೆ ತೆರಿಗೆ ಇಲ್ಲ. ಚೆಂದಕ್ಕೆ ಅಂತ ಮಾಡಿಸಿಕೊಂಡರೆ ಶೇ 18 ತೆರಿಗೆ. ಇನ್ಶೂರೆನ್ಸ್‌ನವರದೂ ಹೆಚ್ಚುಕಡಿಮೆ ಇದೇ ಲೆಕ್ಕ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಆದ ಮೇಲಿನ ಆಪರೇಷನ್ ಆದರೆ ಕೊಡುತ್ತಾರೆ, ಅಂದಕ್ಕಾದರೆ ಇಲ್ಲ. ಕಾನೂನು ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು, ಅದರ ಮೇಲೆ ನನಗೆ ಕೋಪವಿಲ್ಲ. ಆದರೆ ನಾನು ಆ ಗೆರೆಯನ್ನು ನನ್ನ ಎದೆಯ ನಡುವೆ ಎಳೆದುಕೊಂಡೆ. ಎಡಗಡೆ ನೋವಿಗೆ ಕಾರಣ ಇದೆ, ಹೇಳಿಕೊಳ್ಳಬಹುದು. ಬಲಗಡೆಯದು ನಾನಾಗೇ ತಂದುಕೊಂಡಿದ್ದು, ಸುಮ್ಮನಿರಬೇಕು.

ಅರ್ಧ ಕೂತು ಮಲಗಿದ ರಾತ್ರಿಗಳು

ಎಚ್ಚರವಾದಾಗ ಎದೆ ಮೇಲೆ ಒರಳುಕಲ್ಲು ಇಟ್ಟ ಹಾಗಿತ್ತು. ಇಂಪ್ಲಾಂಟನ್ನು ಎದೆಯ ಮಾಂಸಖಂಡದ ಕೆಳಗೆ ಕೂರಿಸಿದ್ದರು. ಹಾಗೆ ಮಾಡಿದಾಗ ಚರ್ಮದ ನೋವಿಗಿಂತ ಆ ಮಾಂಸಖಂಡದ ಬಿಗಿತವೇ ಜಾಸ್ತಿ. ಕೆಮ್ಮಿದರೆ ಹಿಡಿಯುತ್ತೆ, ನಕ್ಕರೆ ಹಿಡಿಯುತ್ತೆ, ಫ್ರಿಜ್ ಬಾಗಿಲು ಎಳೆದರೆ ಹಿಡಿಯುತ್ತೆ. ಹಾಸಿಗೆಯಿಂದ ಎದ್ದೇಳುವುದು ದೊಡ್ಡ ಕೆಲಸ. ಕೈ ಊರಿ ಏಳುವ ಹಾಗಿಲ್ಲ, ಹೊಟ್ಟೆ ಮತ್ತು ತೊಡೆಯ ಬಲದಲ್ಲೇ ಏಳಬೇಕು. ಮಗ್ಗುಲಾಗುವ ಹಾಗಿಲ್ಲ. ಬೆನ್ನ ಹಿಂದೆ ಮೂರು ದಿಂಬು, ಮಂಡಿ ಕೆಳಗೆ ಒಂದು. ಬಿಗಿಯಾದ ಸರ್ಜಿಕಲ್ ಬ್ರಾ ಹಗಲೂ ರಾತ್ರಿ ಮೈಮೇಲೇ ಇರಬೇಕು. ನೋವಿನ ಮಾತ್ರೆಗೆ ಹೊಟ್ಟೆ ಕಟ್ಟಿತು. ಮುಕ್ಕಿದರೆ ಎದೆ ಹಿಡಿಯುತ್ತಿತ್ತು. ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ, ಆ ಹುಡುಗಿಗೆ ಎರಡೆರಡು ಸಲ ಹೇಳಿದ್ದೇನೆ. ಮಗಳು ಸ್ಕೂಲಿಂದ ಬಂದು ಓಡಿ ಬಂದು ತಬ್ಬಿಕೊಳ್ಳುವವಳು. ಅವಳು ಬರುವ ಹೊತ್ತಿಗೆ ನಾನು ದಿಂಬನ್ನು ಎದೆಗೆ ಒತ್ತಿಕೊಂಡು ಕೂತಿರುತ್ತಿದ್ದೆ. ಎರಡನೇ ದಿನಕ್ಕೇ ಅವಳು ಪಕ್ಕದಲ್ಲಿ ಕೂತು ನನ್ನ ಕಾಲು ತಬ್ಬಿಕೊಳ್ಳುವುದು ಕಲಿತಳು.

ಅಕ್ಕಪಕ್ಕದವರಿಗೆ "ಎದೆಯಲ್ಲಿ ಗಂಟಿತ್ತು, ತೆಗೆದ್ರು" ಅಂತ ಹೇಳಿದ್ದೆವು. ಗಂಟು ಅಂದರೆ ಯಾರೂ ಜಾಸ್ತಿ ಕೆದಕುವುದಿಲ್ಲ ಅನ್ನುವ ಲೆಕ್ಕ. ಎದುರುಮನೆ ಆಂಟಿ ಎಳನೀರು ಹಿಡಿದುಕೊಂಡು ಬಂದರು. ಮಂಚದ ತುದಿಯಲ್ಲಿ ಕೂತು ನನ್ನ ಪಾದ ಸವರಿದರು. ಅವರ ತಂಗಿಗೆ ಸ್ತನ ಕ್ಯಾನ್ಸರ್ ಆಗಿ, ಕಿದ್ವಾಯಿ ಆಸ್ಪತ್ರೆಯಲ್ಲಿ ಎರಡು ವರ್ಷ ಓಡಾಡಿ, ಕೊನೆಗೆ ಉಳಿಯಲಿಲ್ಲವಂತೆ. "ರಿಪೋರ್ಟ್ ಬಂತಾ? ಏನೂ ಇಲ್ಲ ತಾನೇ? ಏನೂ ಇರಲ್ಲ, ನಾನು ಬನಶಂಕರಮ್ಮನಿಗೆ ಹರಕೆ ಹೊತ್ತಿದೀನಿ" ಎಂದು ಅತ್ತುಬಿಟ್ಟರು. ನನಗೆ ಬಾಯಿ ಬರಲಿಲ್ಲ. ಅವರು ಹೋದ ಮೇಲೆ ಆ ಎಳನೀರು ಕುಡಿಯಲು ಆಗಲಿಲ್ಲ. ಇವತ್ತಿಗೂ ನಾನು ಮಾಡಿದ ತಪ್ಪುಗಳಲ್ಲಿ ಇದೇ ದೊಡ್ಡದು ಅಂತ ನನಗನ್ನಿಸುತ್ತೆ. ಆಪರೇಷನ್ ಅಲ್ಲ, ಆ ಸುಳ್ಳು. ನಿಜವಾಗಿ ಕಾಯಿಲೆ ಬಿದ್ದವರ ಕಣ್ಣೀರನ್ನು ನಾನು ನನ್ನ ಮರೆಗೆ ಬಳಸಿಕೊಂಡೆ. ಆಮೇಲೆ ಅವರಿಗೆ ನಿಜ ಹೇಳಿದೆ. ಒಂದು ತಿಂಗಳು ಮಾತು ಬಿಟ್ಟಿದ್ದರು. ಬಿಟ್ಟಿದ್ದು ನ್ಯಾಯವೇ.

ನಿದ್ದೆ ಬಾರದ ಆ ರಾತ್ರಿಗಳಲ್ಲಿ ಫೋನ್ ಹಿಡಿದು ಓದುತ್ತಿದ್ದೆ. 1962ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಮೊದಲ ಸಿಲಿಕೋನ್ ಇಂಪ್ಲಾಂಟ್ ಹಾಕಿಸಿಕೊಂಡಾಕೆ ಟಿಮ್ಮಿ ಜೀನ್ ಲಿಂಡ್ಸೆ. ಆರು ಮಕ್ಕಳ ತಾಯಿ. ಆಕೆ ಆಸ್ಪತ್ರೆಗೆ ಹೋಗಿದ್ದು ಎದೆ ಮೇಲಿನ ಹಚ್ಚೆ ತೆಗೆಸಲು. ಇಂಪ್ಲಾಂಟಿನ ಮಾತು ತೆಗೆದಿದ್ದು ಅಲ್ಲಿನ ಡಾಕ್ಟರುಗಳು. ಆಮೇಲಿನ ಚರಿತ್ರೆ ಓದಿದರೆ ನಿದ್ದೆ ಇನ್ನೂ ದೂರ ಹೋಗುತ್ತಿತ್ತು. 1992ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅಂದಕ್ಕಾಗಿ ಸಿಲಿಕೋನ್ ಜೆಲ್ ಹಾಕುವುದನ್ನು ತಡೆಯಿತು, 2006ರಲ್ಲಿ ಮತ್ತೆ ಬಿಟ್ಟಿತು. 2010ರಲ್ಲಿ ಫ್ರಾನ್ಸಿನ ಪಿಐಪಿ ಕಂಪನಿ ಕಾರ್ಖಾನೆಗೆ ಬಳಸುವ ಅಗ್ಗದ ಸಿಲಿಕೋನ್ ತುಂಬುತ್ತಿದ್ದುದು ಸಿಕ್ಕಿಬಿತ್ತು. 2019ರಲ್ಲಿ ತರಿತರಿ ಮೈಯ ಒಂದು ಬಗೆಯ ಇಂಪ್ಲಾಂಟನ್ನು ವಾಪಸ್ ಪಡೆದರು, ಲಿಂಫೋಮಾ ಅನ್ನುವ ಕ್ಯಾನ್ಸರಿನ ಅಪರೂಪದ ಒಂದು ಬಗೆಗೂ ಅದಕ್ಕೂ ನಂಟು ಕಂಡಿತ್ತು. ನನ್ನವು ನುಣುಪು ಮೈಯವು. ಕಂಪನಿಯ ಹೆಸರು, ನಂಬರ್ ಇರುವ ಎರಡು ಕಾರ್ಡುಗಳನ್ನು ಬೀರುವಿನಲ್ಲಿ ರೇಷನ್ ಕಾರ್ಡಿನ ಜೊತೆ ಇಟ್ಟಿದ್ದೇನೆ. ಇಂಪ್ಲಾಂಟ್ ಅಂದರೆ ಜೀವನಪೂರ್ತಿ ಬರುವ ವಸ್ತುವಲ್ಲ. ಹಾಕಿಸಿಕೊಂಡ ಐದಾರು ವರ್ಷಕ್ಕೆ ಮೊದಲ ಸಲ, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸಿ ಒಳಗೆ ಒಡೆದಿದೆಯಾ ನೋಡಿಸಬೇಕು. ಇದೆಲ್ಲ ಡಾಕ್ಟರ್ ಮೊದಲೇ ಹೇಳಿದ್ದರು. ಆದರೆ ಆಗ ಕಿವಿಗೆ ಬಿದ್ದಿದ್ದು, ರಾತ್ರಿ ಎರಡು ಗಂಟೆಗೆ ಎದೆಗೆ ತಾಕಿತು.

ಜಡೆ

ಆಪರೇಷನ್ ಆದ ಮೂರನೇ ರಾತ್ರಿ ಬಲಗಡೆ ಬಿಗಿಯತೊಡಗಿತು. ಮೊದಲಿದ್ದ ಬಿಗಿತ ಅಲ್ಲ ಇದು. ಒಳಗಿಂದ ಯಾರೋ ಗಾಳಿ ತುಂಬುತ್ತಿರುವ ಹಾಗೆ. ಬಾತ್‌ರೂಮಿಗೆ ಹೋಗಿ ಬ್ರಾದ ಕೊಂಡಿ ಒಂದೆರಡು ಬಿಚ್ಚಿ ನೋಡಿದೆ. ಬಲಗಡೆ ಎಡಗಡೆಗಿಂತ ದೊಡ್ಡದಾಗಿತ್ತು. ಪಕ್ಕದಲ್ಲಿ ನೇರಳೆ ಬಣ್ಣ. ಡಿಸ್ಚಾರ್ಜ್ ಕಾಗದದಲ್ಲಿ ಒಂದೇ ಕಡೆ ಊತ ಜಾಸ್ತಿಯಾದರೆ ತಕ್ಷಣ ಫೋನ್ ಮಾಡಿ ಅಂತ ಅಚ್ಚು ಹಾಕಿದ್ದರು. ನಂಬರ್ ನನ್ನ ಫೋನಿನಲ್ಲೇ ಇತ್ತು. ನಾನು ಮಾಡಲಿಲ್ಲ. ಕೊಂಡಿ ಹಾಕಿಕೊಂಡು ವಾಪಸ್ ಬಂದು ದಿಂಬಿಗೆ ಒರಗಿದೆ.

ಆಗ ನನ್ನ ತಲೆಯಲ್ಲಿ ಓಡಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಚೆನ್ನಾಗಿದ್ದ ಮೊಲೆ. ಮಗಳಿಗೆ ಹಾಲೂಡಿಸಿದ ಮೊಲೆ. ಅದಕ್ಕೆ ಕತ್ತರಿ ಹಾಕಿಸಿದೆ, ಅನುಭವಿಸು. ಎಡಗಡೆ ಹೀಗಾಗಿದ್ದರೆ ಆ ಕ್ಷಣವೇ ಗಂಡನನ್ನು ಎಬ್ಬಿಸುತ್ತಿದ್ದೆ, ಖಂಡಿತ. ಬಲಗಡೆ ಅನ್ನುವ ಒಂದೇ ಕಾರಣಕ್ಕೆ ಹಲ್ಲು ಕಚ್ಚಿಕೊಂಡು ಬೆಳಗಿನವರೆಗೆ ಕೂತೆ.

ಬೆಳಗ್ಗೆ ಅಮ್ಮ ಪ್ಲಾಸ್ಟಿಕ್ ಕುರ್ಚಿ ಬಾಲ್ಕನಿಗೆ ಎಳೆದು ನನ್ನನ್ನು ಕೂರಿಸಿದಳು. ತಲೆ ಬಾಚಬೇಕು. ಕೈ ಮೇಲೆತ್ತುವ ಹಾಗಿಲ್ಲವಾದ್ದರಿಂದ ದಿನಾ ಅವಳೇ ಬಾಚುತ್ತಿದ್ದಳು. ಊರಿಂದ ತಂದ ಕೊಬ್ಬರಿ ಎಣ್ಣೆಯನ್ನು ಅಂಗೈಗೆ ಸುರಿದು ನೆತ್ತಿಗೆ ತಟ್ಟಿದಳು. ನೆತ್ತಿಯಿಂದ ತುದಿಯ ತನಕ ಸಿಕ್ಕು ಬಿಡಿಸಿದಳು. ಮೂರು ಎಳೆ ಮಾಡಿ ಹೆಣೆಯತೊಡಗಿದಳು. ಹೆಣೆಯುವಾಗ ಜಡೆಯನ್ನು ಬಲ ಭುಜದ ಮೇಲಿಂದ ಮುಂದಕ್ಕೆ ತಂದಳು. ಅವಳ ಮಣಿಕಟ್ಟು ಒಂದಿಷ್ಟು ತಾಕಿತು, ಅಷ್ಟೇ. ನಾನು ಉಸಿರು ಒಳಗೆಳೆದುಕೊಂಡು ಸೆಟೆದೆ. ಅಮ್ಮನ ಕೈ ನಿಂತಿತು.

"ಆಪರೇಷನ್ ಎಡಗಡೆ ತಾನೇ? ಬಲಗಡೆ ಯಾಕೆ ಹಿಂಗೆ ಹಿಡ್ಕೊಂಡಿದೀಯ?"

ನಾನು ಮಾತಾಡಲಿಲ್ಲ. ಅಳು ಬಂತು. ಅತ್ತರೆ ಎದೆ ಇನ್ನೂ ನೋಯುತ್ತೆ, ಅದಕ್ಕೇ ಬಾಯಿ ತೆರೆದುಕೊಂಡು ಸದ್ದಿಲ್ಲದೆ ಅತ್ತೆ. ಅಮ್ಮ ಹಿಂದೆಯೇ ನಿಂತಿದ್ದಳು, ಅವಳ ಮುಖ ಕಾಣುತ್ತಿರಲಿಲ್ಲ. ಬೈಯುತ್ತಾಳೆ ಅಂದುಕೊಂಡೆ. ಅವಳು ಉಳಿದ ಜಡೆಯನ್ನು ಪೂರ್ತಿ ಹೆಣೆದಳು. ತುದಿಗೆ ರಬ್ಬರ್ ಬ್ಯಾಂಡ್ ಹಾಕಿ ಎರಡು ಸುತ್ತು ಸುತ್ತಿದಳು. ಆಮೇಲೆ ಮುಂದೆ ಬಂದು, ನೈಟಿಯ ಜಿಪ್ ಇಳಿಸಿ ನೋಡಿ, "ನಡಿ" ಎಂದಳು.

ಆಟೋದಲ್ಲಿ ಪ್ರತಿ ಹಂಪ್ಸಿಗೂ ಅಮ್ಮ ತನ್ನ ಕೈಯನ್ನು ನನ್ನ ಬೆನ್ನಿಗೆ ಒತ್ತು ಕೊಡುತ್ತಿದ್ದಳು. "ನಿಧಾನ ಹೋಗಪ್ಪಾ, ಪೇಷೆಂಟಿದಾರೆ" ಅಂತ ಡ್ರೈವರಿಗೆ ಹೇಳುತ್ತಿದ್ದಳು. ಪೇಷೆಂಟು. ಆ ಮಾತು ಕೇಳಿ ನನಗೆ ಎಷ್ಟು ಸಮಾಧಾನವಾಯಿತೆಂದರೆ, ಆವತ್ತಿನವರೆಗೆ ನನ್ನನ್ನು ನಾನು ಹಾಗೆ ಅಂದುಕೊಂಡೇ ಇರಲಿಲ್ಲ.

ಇಂಪ್ಲಾಂಟ್ ಸುತ್ತ ರಕ್ತ ಕಟ್ಟಿಕೊಂಡಿತ್ತು. ಹೆಮಟೋಮಾ ಅಂತಾರೆ. ಯಾರ ತಪ್ಪೂ ಅಲ್ಲ, ಈ ಆಪರೇಷನ್ನಿನಲ್ಲಿ ಕೆಲವರಿಗೆ ಆಗುತ್ತೆ. ಅದೇ ಗಾಯ ಬಿಚ್ಚಿ, ಹೆಪ್ಪು ತೆಗೆದು, ತೊಳೆದು, ಮತ್ತೆ ಕೂರಿಸಿ, ಈ ಸಲ ಒಳಗಿನ ರಕ್ತ, ನೀರು ಹೊರಗೆ ಹರಿಯಲು ಒಂದು ಡ್ರೈನ್ ನಳಿಗೆ ಬಿಟ್ಟರು. ಡಾಕ್ಟರ್ ಬೈಯಲಿಲ್ಲ. "ರಾತ್ರಿನೇ ಫೋನ್ ಮಾಡ್ಬೇಕಿತ್ತಮ್ಮ" ಎಂದರು. ಇಂಪ್ಲಾಂಟ್ ಸುತ್ತ ಮೈ ತಾನಾಗಿಯೇ ಒಂದು ಪೊರೆ ಕಟ್ಟಿಕೊಳ್ಳುತ್ತೆ, ರಕ್ತ ಒಳಗೇ ಉಳಿದರೆ ಆ ಪೊರೆ ಗಟ್ಟಿಯಾಗಿ ಹಿಂಡುವ ಸಾಧ್ಯತೆ ಜಾಸ್ತಿ ಅಂತ ವಿವರಿಸಿದರು.

ಬಾಣಂತನ ಇಲ್ಲದ ಹಸಿ ಮೈ

ನಮ್ಮ ಮನೆಗಳಲ್ಲಿ ಹೆಣ್ಣಿನ ಹಸಿ ಮೈಯನ್ನು ನೋಡಿಕೊಳ್ಳುವ ವಿದ್ಯೆ ಎಷ್ಟು ಚೆನ್ನಾಗಿ ಗೊತ್ತು. ಮಗಳು ಹುಟ್ಟಿದಾಗ ಮೂರು ತಿಂಗಳು ತಿಪಟೂರಿನಲ್ಲಿದ್ದೆ. ಹಂಡೆ ನೀರು, ಎಣ್ಣೆ, ಸಾಂಬ್ರಾಣಿ ಹೊಗೆ, ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಬೆಳ್ಳುಳ್ಳಿ ಮೆಣಸಿನ ಸಾರು, ಒಣಕೊಬ್ಬರಿ ಬೆಲ್ಲ ಶುಂಠಿ. ಆಗ ಮೊಲೆ ಅನ್ನುವ ಮಾತು ಮನೆ ತುಂಬ ಓಡಾಡುತ್ತಿತ್ತು. ಮೊಲೆ ಕಟ್ಟಿದೆಯಾ, ಮೊಲೆ ತೊಟ್ಟು ಒಡೆದಿದೆಯಾ, ತುಪ್ಪ ಹಚ್ಚು. ಅತ್ತೆ, ದೊಡ್ಡಮ್ಮ, ಪಕ್ಕದ ಮನೆಯವರು, ಎಲ್ಲರೂ ಕೇಳುತ್ತಿದ್ದರು. ಅಪ್ಪ ಪಡಸಾಲೆಯಲ್ಲಿ ಕೂತಿದ್ದರೂ ಯಾರಿಗೂ ನಾಚಿಕೆ ಇರಲಿಲ್ಲ. ಮಗು ಹಾಲು ಬಿಟ್ಟ ದಿನ ಆ ಮಾತೂ ಮನೆ ಬಿಟ್ಟು ಹೋಯಿತು. ಆಮೇಲೆ ಎದೆ ಅಂತಲೇ ಹೇಳಬೇಕು, ಅದೂ ಪಿಸುಮಾತಿನಲ್ಲಿ.

ಎರಡನೇ ಸಲ ಆಸ್ಪತ್ರೆಯಿಂದ ಬಂದ ಮೇಲೆ ಅಮ್ಮ ಏನೂ ಹೇಳದೆ ಬೆಳ್ಳುಳ್ಳಿ ಮೆಣಸಿನ ಸಾರು ಮಾಡಿದಳು. ಬಿಸಿ ಅನ್ನಕ್ಕೆ ತುಪ್ಪ ಹಾಕಿ ಕಲಸಿ ತಂದಳು. ತಟ್ಟೆ ಎತ್ತಲು ಆಗದ ನನಗೆ ತುತ್ತು ಕೊಟ್ಟಳು. ನಡುವೆ ಒಂದೇ ಮಾತು. "ನಿನ್ನ ಮೈ ಕಣೆ, ನಿನ್ನಿಷ್ಟ. ನನ್ನ ಹತ್ರ ಯಾಕೆ ಕತೆ ಕಟ್ಟಿದೆ?" ಉತ್ತರ ಕೊಡಲು ನನಗೆ ಆಗಲಿಲ್ಲ, ಅವಳು ಕಾಯಲೂ ಇಲ್ಲ. ಇನ್ನೊಂದು ತುತ್ತು ಬಂತು.

ಉಳಿದದ್ದು ನಿಧಾನವಾಗಿ ಆಯಿತು. ಎರಡೂವರೆ ವಾರಕ್ಕೆ ಆಫೀಸಿಗೆ ಹೋದೆ. ಆರು ವಾರ ಕುಕ್ಕರ್ ಎತ್ತಲಿಲ್ಲ. ಮೇಲೆ ಸೆಟೆದು ನಿಂತಿದ್ದವು ಮೂರು ತಿಂಗಳ ಹೊತ್ತಿಗೆ ಇಳಿದು ಮೆತ್ತಗಾದವು. ನರಗಳು ಎಚ್ಚರವಾಗುವಾಗ ಇದ್ದಕ್ಕಿದ್ದ ಹಾಗೆ ಕರೆಂಟ್ ಹೊಡೆದ ಹಾಗೆ ಚುಳ್ ಅನ್ನುತ್ತಿತ್ತು. ಮೀಟಿಂಗಿನ ನಡುವೆ ಬೆಚ್ಚಿದ್ದುಂಟು. ಬಲಗಡೆ ಗಾಯದ ಗೆರೆ ಎಡಗಡೆಗಿಂತ ದಪ್ಪ, ಇನ್ನೂ ಗುಲಾಬಿ ಬಣ್ಣದಲ್ಲಿದೆ. ಅದರ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಜಾಗ ಮುಟ್ಟಿದರೂ ಗೊತ್ತಾಗುವುದಿಲ್ಲ. ನನಗೆ ಪಶ್ಚಾತ್ತಾಪ ಇದೆಯಾ ಅಂತ ಕೇಳಿದರೆ, ಇಲ್ಲ. ಸ್ನಾನ ಮಾಡಿ ಬಂದು ಕನ್ನಡಿ ನೋಡುವಾಗ ಖುಷಿಯಾಗುತ್ತೆ. ಎರಡಕ್ಕೂ. ಆ ಖುಷಿ ಎಡಗಡೆಗೆ ಬೇರೆ, ಬಲಗಡೆಗೆ ಬೇರೆ ಅಂತ ಇಲ್ಲ. ಹಾಗಿದ್ದ ಮೇಲೆ ನೋವನ್ನು ಯಾಕೆ ಎರಡು ಮಾಡಿದೆನೋ ನನಗೇ ತಿಳಿಯದು.

ಮೊನ್ನೆ ರಾತ್ರಿ ಆ ಹುಡುಗಿಗೆ ಫೋನ್ ಮಾಡಿದೆ. "ಅವತ್ತು ಅರ್ಧ ಮಾತ್ರ ಹೇಳಿದ್ದೆ" ಅಂತ ಶುರುಮಾಡಿ ಬಲಗಡೆಯದೆಲ್ಲ ಹೇಳಿದೆ. ಊತ ಹೇಗೆ ಕಾಣುತ್ತೆ, ಹೇಗೆ ಅನ್ನಿಸುತ್ತೆ, ಯಾವಾಗ ಫೋನ್ ಮಾಡಬೇಕು. ಅವಳು ಕೇಳಿಸಿಕೊಂಡು, ಸಣ್ಣ ದನಿಯಲ್ಲಿ, "ಅಕ್ಕ, ನಿಮಗಾದ್ರೆ ಎಡಗಡೆ ಕಾರಣ ಇತ್ತು. ನನಗೆ ಎರಡೂ ಸುಮ್ನೆ ಆಸೆಗೇ" ಎಂದಳು.

"ಊತ ಬಂದ್ರೆ ನನಗೆ ಫೋನ್ ಮಾಡು. ಎಷ್ಟು ಹೊತ್ತಾದ್ರೂ. ಡಾಕ್ಟರಿಗೆ ಮಾಡಿ ಆಮೇಲೆ ನನಗೆ ಮಾಡು" ಎಂದೆ. ಅವಳು ಇರುವುದು ಪಿಜಿಯಲ್ಲಿ, ಮೂರನೇ ಮಹಡಿ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಅವಳ ಕೂದಲು ಸೊಂಟದ ತನಕ ಇದೆ.

"ತಲೆ ಯಾರು ಬಾಚ್ತಾರೆ ನಿಂಗೆ?" ಎಂದು ಕೇಳಿದೆ.

"ಅದನ್ನ ಯೋಚನೆನೇ ಮಾಡಿಲ್ಲ ಅಕ್ಕ" ಎಂದಳು.